ಗಾಳಿ ಬೇಡುವ ದೇವರು

"ಗೊತ್ತಿಲ್ಲ" ಎಂಬ ಶಬ್ದ ಅಣ್ಣಾಸಾಬ ದಿವಾಣಜಿಯ ಬಾಯಿಂದ ಬಂದದ್ದನ್ನು ನಿಪ್ಪಾಣಿಯಲ್ಲಿ ಯಾರೂ ಕೇಳಿರಲಿಲ್ಲ. ಮಿರಜ ಬಸ್ಸು ಎಷ್ಟೊತ್ತಿಗೆ, ಕೂಸಿನ ಕೆಮ್ಮಿಗೆ ಏನು ಕೊಡಬೇಕು, ಎಮ್ಮೆ ಯಾವಾಗ ಈಯುತ್ತದೆ, ದಿಲ್ಲಿಯಲ್ಲಿ ಸರಕಾರ ಉಳಿಯುತ್ತದೋ ಇಲ್ಲವೋ, ಯಾರು ಏನು ಕೇಳಿದರೂ ಅವನ ಹತ್ತಿರ ಉತ್ತರ ತಯಾರಿರುತ್ತಿತ್ತು. ಆಮೇಲೆ ಬಸ್ಸು ಬೇರೆ ಹೊತ್ತಿಗೆ ಬಂದರೆ ಆತ ಬಸ್ಸಿನ ಮೇಲೆ ಸಿಟ್ಟಾಗುತ್ತಿದ್ದನೇ ಹೊರತು ತನ್ನ ಮೇಲಲ್ಲ. ಇಂಥವನಿಗೆ ಊರಲ್ಲಿ ಬೆಲೆ ಇರಲಿಲ್ಲ ಎಂದುಕೊಳ್ಳಬೇಡಿ. ಕೇಳಿದ್ದಕ್ಕೆ ಕೂಡಲೇ ಉತ್ತರ ಕೊಡುವವನೊಬ್ಬ ಎಲ್ಲ ಊರಿಗೂ ಬೇಕು. ಆ ಉತ್ತರ ಖರೆಯೋ ಸುಳ್ಳೋ ಎಂದು ನೋಡುತ್ತ ಕೂಡುವಷ್ಟು ಪುರಸೊತ್ತು ಯಾರಿಗಿರುತ್ತದೆ?

ಅವನಿಗೆ ನಿಜವಾಗಿ ತಿಳಿದದ್ದು ತಂಬಾಕು. ಜನಾಬಾಯಿ ಎಂಬ ದೊಡ್ಡ ಮನೆತನದ ಹೆಣ್ಣುಮಗಳ ತಂಬಾಕಿನ ವಖಾರದಲ್ಲಿ, ಎಂದರೆ ಗೋದಾಮಿನಲ್ಲಿ, ಆತ ಲೆಕ್ಕ ಬರೆಯುವ ದಿವಾಣಜಿ. ಆದರೆ ಒಂದು ಎಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ, "ಇದಕ್ಕ ಇನ್ನಷ್ಟ ನೀರ ಹೊಡದು, ಒಟ್ಟಿ, ಹಸೀ ಗೋಣಿಚೀಲಾ ಹೊಚ್ಚ್ರಿ" ಎಂದನೆಂದರೆ ಕೊಲ್ಲಾಪುರದ ವ್ಯಾಪಾರಿಗಳೂ ತಲೆಯಾಡಿಸುತ್ತಿದ್ದರು. ಜಗತ್ತಿನ ಎಲ್ಲ ಎಲೆಗಳಿಗೂ ಇದೇ ಹದ ಎಂದು ಆತ ನಂಬಿದ್ದ.

ವಖಾರದ ಹಿಂಬದಿಯ ಚಾಳಿನಲ್ಲಿ ಅವನಿಗೊಂದು ಖೋಲಿ ಕೊಟ್ಟಿದ್ದರು. ಅದರ ಬಾಗಿಲು ಓಣಿಗೆ, ಬೆನ್ನು ತಂಬಾಕು ಜರಡಿ ಹಿಡಿಯುವ ಕೋಣೆಗೆ. ಗೋಡೆಯ ಸಂದಿಯಿಂದ ತಂಬಾಕಿನ ಘಾಟು ಹಗಲೂ ರಾತ್ರಿ ಒಳಗೆ ಬರುತ್ತಿತ್ತು. ಅವನ ಹೆಂಡತಿ ಶೇವಂತಾ ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿಯೇ ಸೀನಲು ಶುರುಮಾಡಿದವಳು ಇನ್ನೂ ನಿಲ್ಲಿಸಿರಲಿಲ್ಲ. ಜೋಳದ ಭಕ್ರಿ ತಟ್ಟುವಾಗ ಸೀನುತ್ತಿದ್ದಳು, ಭಜನೆಯಲ್ಲಿ ಸೀನುತ್ತಿದ್ದಳು. ಹೊರಟಾಗ ಸೀನು ಕೇಳಿದರೆ ಕೆಲಸ ಕೆಡುತ್ತದೆಂದು ಓಣಿಯ ಜನ ಒಳ್ಳೆಯ ಕೆಲಸಕ್ಕೆ ಹೋಗುವಾಗ ಅವಳ ಮನೆ ತಪ್ಪಿಸಿ ಗಟಾರ ದಾಟಿ ಆಚೆಯಿಂದ ಹೋಗುತ್ತಿದ್ದರು.

ಈಗ ವಖಾರದ ಹೆಬ್ಬಾಗಿಲ ಮೇಲಿನ ಮಾಡಿ ಖೋಲಿ, ಎಂದರೆ ಮಹಡಿಯ ಕೋಣೆ, ಖಾಲಿಯಾಗಿತ್ತು. ಅಲ್ಲಿದ್ದ ಮುದಿ ಗುಮಾಸ್ತ ಕೆಲಸ ಬಿಟ್ಟು ರಾಯಬಾಗಕ್ಕೆ ಹೋಗಿದ್ದ. ಎರಡು ಕಡೆ ಕಿಟಕಿ, ಎರಡೂ ಕಡೆಯಿಂದ ಗಾಳಿ, ಧೂಳಿನ ಹೆಸರಿಲ್ಲ. ಶೇವಂತಾ ನೀರು ತರಲು ಹೋದಾಗಲೆಲ್ಲ ಕೊಡ ಇಳಿಸಿ ಆ ಕಿಟಕಿಗಳನ್ನು ನೋಡುತ್ತಿದ್ದಳು. ಅವಳಿಗೆ ಬಂಗಾರ ಬೇಕಿರಲಿಲ್ಲ, ಇಳಕಲ್ ಸೀರೆ ಬೇಕಿರಲಿಲ್ಲ. ಆ ಖೋಲಿ ಬೇಕಿತ್ತು.

ಇಂಥ ಹೊತ್ತಿನಲ್ಲಿ, ಸಾವಿರದ ಒಂಬೈನೂರಾ ಎಂಬತ್ತೆಂಟೋ ಎಂಬತ್ತೊಂಬತ್ತೋ ಇಸವಿ ಇರಬೇಕು, ವೈನಿಸಾಹೇಬ ಎಂದು ಎಲ್ಲರೂ ಕರೆಯುವ ಜನಾಬಾಯಿ ಮಗಳ ಬಾಣಂತನಕ್ಕೆ ಪುಣೆಗೆ ಹೊರಟು ನಿಂತರು. ಅವರ ಕೈಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಗಿಡವಿತ್ತು. ನಾಲ್ಕು ದಪ್ಪ ಎಲೆ, ಕೆಳಗೆ ಬಿಳೀ ದಾರದ ಸಿಂಬಿಯಂಥ ಬೇರು. ಮಣ್ಣಿನ ಕಣವೂ ಇಲ್ಲ.

"ಇದು ಆರ್ಕಿಡ್. ನಮ್ಮ ಜಾವಾಯಿ, ಮಗಳ ಗಂಡ, ತಂದ ಕೊಟ್ಟಾರ. ಭಾಳ ನಾಜೂಕ ಅಂತ. ನಾ ಬರೂತನಕ ಯಾರ ನೋಡ್ಕೋತೀರಿ?" ಎಂದು ಅವರು ವಖಾರದ ಮಂದಿಯನ್ನು ಕೇಳಿದರು.

ಹಮಾಲರು ಹಿಂದೆ ಸರಿದರು. ಅಣ್ಣಾಸಾಬ ಮುಂದೆ ಬಂದ. "ಕೊಡ್ರಿ ಇಲ್ಲೆ ವೈನಿಸಾಬ. ನನಗ ಇದರ ಪೂರಾ ಮಾಹಿತಿ ಐತಿ. ನಮ್ಮ ಮಾವಗೋಳ ಹೊಲದಾಗ ಬದುವಿನ ಮ್ಯಾಲ ತಾನ ಬೆಳಿತೈತಿ."

"ಆರ್ಕಿಡ್? ಬದುವಿನ ಮ್ಯಾಲ?"

"ಸಣ್ಣ ಜಾತೀದ್ರಿ."

ವೈನಿಸಾಹೇಬರಿಗೆ ಗಾಡಿಯ ಹೊತ್ತಾಗಿತ್ತು. "ನಾ ಬಂದಾಗ ಇದು ಜೀವಂತ ಇದ್ರ ಮಾಡಿ ಮ್ಯಾಗಿನ ಖೋಲಿ ನಿಮಗ" ಎಂದು ಹೇಳಿ ಕಾರು ಹತ್ತಿದರು. ಅಣ್ಣಾಸಾಬ ಗಿಡವನ್ನಲ್ಲ, ಖೋಲಿಯನ್ನೇ ಎತ್ತಿಕೊಂಡು ಬಂದವನ ಹಾಗೆ ಮನೆಗೆ ಬಂದ.

ಆಮೇಲೆ ಆತ ಆ ಗಿಡಕ್ಕೆ ಮಾಡಿದ ಉಪಚಾರವನ್ನು ಸಾವಕಾಶ ಹೇಳಬೇಕು. ಹೊಲದ ಎರೆಮಣ್ಣು ತರಿಸಿ ಹಿಟ್ಟಿನ ಹಾಗೆ ಸೋಸಿದ. ಅದಕ್ಕೆ ಸಗಣಿಗೊಬ್ಬರ ಕಲಸಿ, ಬೇರನ್ನು ಕುತ್ತಿಗೆ ಮಟ ಹುಗಿದು, ಮುಷ್ಟಿಯಿಂದ ಗುದ್ದಿ ಗಟ್ಟಿಮಾಡಿದ. ಮುಂಜಾನೆ ಸಂಜೆ ತಂಬಿಗೆ ತುಂಬ ನೀರು. ಕೊನೆಗೆ ತಂಬಾಕಿನ ಹದ ನೆನಪಾಗಿ ಹಸೀ ಗೋಣಿಚೀಲ ಹೊದಿಸಿ ಮೂಲೆಗಿಟ್ಟ. ವಾರ ಕಳೆಯುವುದರೊಳಗೆ ಎಲೆ ಹಳದಿಯಾಯಿತು.

"ಹದಾ ಬರಾಕತ್ತೈತಿ" ಎಂದ ಅಣ್ಣಾಸಾಬ.

"ಅದಕ್ಕ ಉಸರ ಕಟ್ಟಿದಂಗ ಕಾಣತೈತ್ರಿ" ಎಂದಳು ಶೇವಂತಾ. ಮೂಗಿಗೆ ಸೆರಗು ಹಿಡಿದುಕೊಂಡೇ ಹೇಳಿದಳು. ಉಸಿರು ಕಟ್ಟುವುದು ಹೇಗಿರುತ್ತದೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಗಂಡ ಯಾರನ್ನೂ ಏನನ್ನೂ ಕೇಳುವವನಲ್ಲ ಎಂದು ಗೊತ್ತಿದ್ದ ಅವಳು ಪಕ್ಕದ ಮನೆಯ ಭೀಮಗೊಂಡನನ್ನು ಕರೆದಳು. ಭೀಮಗೊಂಡ ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದು ಆಸಾಮಿನ ಕಾಡು ಕಂಡು ಬಂದವನು. ಈಗ ಪೆನ್ಶನ್ ತಿನ್ನುತ್ತ, ಆಜ್ಞೆ ಮಾಡಲು ಯಾರೂ ಇಲ್ಲದೆ ಬೇಸತ್ತಿದ್ದ. ಬಂದವನೇ ಚೀಲ ಕಿತ್ತು ಒಗೆದ.

"ಯಾರ ಮಾಡ್ಯಾರ ಈ ಖೂನಿ?"

"ಖೂನಿ ಅಲ್ರಿ ಹವಾಲ್ದಾರ, ಅದು ಹದಾ..." ಎಂದ ಅಣ್ಣಾಸಾಬ.

"ಖಾಮೋಶ್! ಇದು ಮಣ್ಣಾಗ ಹುಗಿಯೂ ಗಿಡಾ ಅಲ್ಲ. ಆಸಾಮಿನ್ಯಾಗ ದೊಡ್ಡ ಮರದ ಟೊಂಗಿ ಹಿಡಕೊಂಡ ಜೋತಾಡತೈತಿ. ಮಳಿ ಬಂದ್ರ ಬೇರ ತೋಯತಾವ, ಗಾಳಿ ಬಂದ್ರ ಆರಿ ಬೆಳ್ಳಗ ಆಗತಾವ. ತೋಯಬೇಕು, ಆರಬೇಕು. ಎರಡೂ ಬೇಕು. ನೀ ಬರೇ ತೋಯ್ಸೀದಿ!"

"ಅದ ನಾನೂ ಹೇಳಾಂವ ಇದ್ದೆ" ಎಂದ ಅಣ್ಣಾಸಾಬ.

ಹವಾಲ್ದಾರನ ಅಪ್ಪಣೆಯಂತೆ ಕಾರ್ಯಾಚರಣೆ ನಡೆಯಿತು. ಗಿಡವನ್ನು ಕಿತ್ತು ಬೇರು ತೊಳೆದರು. ಕೊಳೆತು ಮೆತ್ತಗಾದ ಬೇರನ್ನು ಬ್ಲೇಡಿನಿಂದ ಕೊಯ್ದು, ಗಾಯಕ್ಕೆ ಅರಿಷಿಣಪುಡಿ ಒತ್ತಿದರು. ಮಡಕೆಯೊಂದಕ್ಕೆ ಸುತ್ತಲೂ ತೂತು ಕೊರೆದು, ತಳಕ್ಕೆ ಹಂಚಿನ ಚೂರು, ಮೇಲೆ ಇದ್ದಲಿ, ತೆಂಗಿನ ಸಿಪ್ಪೆಯ ತುಂಡು ಹಾಕಿ, ಸಂದುಗಳಲ್ಲಿ ಗಾಳಿ ಆಡುವ ಹಾಗೆ ಬೇರನ್ನು ಹಗುರಾಗಿ ಕೂರಿಸಿ ದಾರ ಕಟ್ಟಿದರು. ಹಾಲಿನ ಗಡಿಗೆ ಇಡುವ ಹಗ್ಗದ ನೆಲವಿನಲ್ಲಿ ಮಡಕೆ ಇಟ್ಟು ಬಾಗಿಲ ಮುಂದಿನ ತೊಲೆಗೆ ತೂಗುಹಾಕಿದರು. ತೂತಿನಿಂದ ಅರಿಷಿಣ ಬಳಿದ ಬೇರುಗಳು ಬೆರಳಿನ ಹಾಗೆ ಹೊರಗೆ ಇಣುಕಿದವು.

"ಇದರ ಬಗ್ಗೆ ಓಣ್ಯಾಗ ತುಟಿ ಪಿಟಕ್ ಅನಬ್ಯಾಡ. ದುಬಾರಿ ಗಿಡಾ ಅಂತ ತಿಳಿದ್ರ ರಾತ್ರೋರಾತ್ರಿ ಎತ್ತಿಬಿಡ್ತಾರ" ಎಂದು ಅಣ್ಣಾಸಾಬ ಹೆಂಡತಿಯಿಂದ ಆಣೆ ಮಾಡಿಸಿಕೊಂಡ. ಆ ಆಣೆಯೇ ಮುಂದಿನ ಎಲ್ಲಕ್ಕೂ ಮೂಲ.

ಎದುರು ಮನೆಯ ಮಲಕವ್ವ ಎಮ್ಮೆ ಕಟ್ಟಿ ಹಾಲು ಮಾರುವ ಮುದುಕಿ. ಮುಂಜಾನೆ ಬಾಗಿಲು ತೆರೆದವಳ ಕಣ್ಣಿಗೆ ಮೊದಲು ಬಿದ್ದದ್ದೇ ಆ ನೆಲವು. ಅಮಾವಾಸ್ಯೆ ಬಂದರೆ ಆ ಓಣಿಯ ಪ್ರತಿ ಮನೆಯವರೂ ದೃಷ್ಟಿ ತಾಗದಿರಲೆಂದು ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ, ಒಂದು ಚೂರು ಇದ್ದಲಿಯನ್ನು ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟುತ್ತಾರೆ. ಒಂದು ಚೂರು. ಇಲ್ಲಿ ನೋಡಿದರೆ ಮಡಕೆ ತುಂಬ ಇದ್ದಲಿ! ಅದೂ ತೂತು ಮಡಕೆ. ತೂತು ಮಡಕೆಯನ್ನು ಯಾರು, ಯಾವಾಗ, ಎಲ್ಲಿಗೆ ಹೊರುತ್ತಾರೆಂದು ತಿಳಿಯದಷ್ಟು ಚಿಕ್ಕವಳಲ್ಲ ಮಲಕವ್ವ.

"ಏನಬೇ ಶೇವಂತಾ ಇದು?"

"ಏನಿಲ್ಲ ಆಯಿ."

"ಏನಿಲ್ಲಂದ್ರ ಇದ್ದಲಿ ಯಾಕ? ಅರಿಷಿಣಾ ಯಾಕ? ಬೆರಳ ಯಾರವು?"

"ನನ್ನ ಕೇಳಬ್ಯಾಡ್ರಿ ಆಯಿ, ಆಣೀ ಹಾಕ್ಯಾರ" ಎಂದ ಶೇವಂತಾ ಜೋರಾಗಿ ಸೀನಿದಳು.

ಸೀನಿಗಿಂತ ದೊಡ್ಡ ಸಾಕ್ಷಿ ಬೇಕೆ? ಹೊತ್ತು ನೆತ್ತಿಗೇರುವ ಮೊದಲೇ ದಿವಾಣಜಿಯ ಮನೆಗೆ ಯಾರೋ ದೊಡ್ಡ ಕರಣಿ, ಮಾಟ, ಮಾಡಿದ್ದಾರೆ, ಅದನ್ನು ಹಿಡಿದು ಮಡಕೆಯಲ್ಲಿ ಕೂಡಿಹಾಕಿದ್ದಾರೆ, ಶೇವಂತಾ ಇಷ್ಟು ವರ್ಷ ಸೀನಿದ್ದೆಲ್ಲ ಅದರಿಂದಲೇ ಎಂದು ಓಣಿ ತೀರ್ಮಾನಿಸಿತು. ಕಾಯಿಪಲ್ಯದವಳು ಓಣಿಯ ಬಾಯಲ್ಲೇ ನಿಂತು ಕೂಗತೊಡಗಿದಳು. ಪೋಸ್ಟಮನ್ ಪತ್ರವನ್ನು ದೂರದಿಂದ ಎಸೆದ. ಅಣ್ಣಾಸಾಬನಿಗೆ ಇದರಿಂದ ಬೇಸರವಾಗಲಿಲ್ಲ. ಗಿಡ ಕದಿಯಲು ಯಾರೂ ಹತ್ತಿರ ಬರುವುದಿಲ್ಲವೆಂದು ಒಳಗೊಳಗೇ ಖುಷಿಪಟ್ಟ.

ಅವನ ಖುಷಿಯನ್ನು ಕೆಡಿಸಿದ್ದು ಮಲಕವ್ವನ ಎಮ್ಮೆ. ಕರು ಸತ್ತಾಗಿನಿಂದ ಅದು ಹಾಲು ಇಳಿಸುತ್ತಿರಲಿಲ್ಲ. ಮುದುಕಿಗೆ ಎದುರಿನ ಮಡಕೆಯ ಮೇಲೆಯೇ ಸಂಶಯ. ಶಾಂತಮಾಡಿ ನೋಡೋಣವೆಂದು ಒಂದು ನಸುಕಿನಲ್ಲಿ ಬಂದು ಮಡಕೆಗೆ ಒಂದು ಚರಿಗೆ ನೀರು ಸುರಿದು ಕುಂಕುಮ ಹಚ್ಚಿ ಕೈಮುಗಿದು ಹೋದಳು. ಅಂದು ಎಮ್ಮೆ ಬಕೆಟ್ಟು ತುಂಬ ಹಾಲು ಕೊಟ್ಟಿತು. ಹಿಂದಿನ ದಿನ ತಾನೇ ಹತ್ತಿಕಾಳು ತಿನ್ನಿಸಿದ್ದು ಮಲಕವ್ವನಿಗೆ ನೆನಪಾಗಲಿಲ್ಲ.

ಕರಣಿ ಒಂದೇ ದಿನದಲ್ಲಿ ದೇವರಾಯಿತು. ಮರುದಿನ ಓಣಿಯ ಹೆಂಗಸರೆಲ್ಲ ಚರಿಗೆ ಹಿಡಿದು ಸಾಲಾಗಿ ನಿಂತರು. ಪಾಸಾಗಬೇಕಾದ ಮಗನಿಗೆ ಒಂದು ಚರಿಗೆ, ಕುಡಿಯುವ ಗಂಡನಿಗೆ ಒಂದು, ಸೊಂಟದ ನೋವಿಗೆ ಒಂದು. ಮಡಕೆಯಿಂದ ನೀರು ಧೋ ಎಂದು ಸುರಿಯಿತು. ಅಣ್ಣಾಸಾಬ ಕೈ ಅಡ್ಡಹಿಡಿದು ಓಡಿ ಬಂದ.

"ಏ ಆಯಿ! ಇದು ದೇವರಲ್ರಿ! ಇದು ಗಿಡಾ!"

"ತುಳಸಿ ಏನೋ ತಮ್ಮಾ? ಗಿಡಾನ ಅಲ್ಲೇನು? ಬನ್ನಿ ಏನು? ಅತ್ತಿ ಏನು?" ಎಂದಳು ಮಲಕವ್ವ.

ಭೀಮಗೊಂಡ ಸ್ಟೂಲು ಹತ್ತಿ ತೂತಿನಲ್ಲಿ ಬೆರಳಿಟ್ಟು ನೋಡಿ ಇಳಿದು ಬಂದ. "ದಿವಾಣಜಿ, ಪರಿಸ್ಥಿತಿ ಗಂಭೀರ ಐತಿ. ಹಿಂಗ ನೀರ ಬಿದ್ರ ವಾರದಾಗ ಗಿಡಾ ಶಹೀದ" ಎಂದು ಕಿವಿಯಲ್ಲಿ ಹೇಳಿದ.

ಗಿಡ ಹೋದರೆ ಖೋಲಿ ಹೋಯಿತು. ಅಣ್ಣಾಸಾಬ ತಿರುಗಿ ನೋಡಿದ. ಬಾಗಿಲಲ್ಲಿ ಶೇವಂತಾ ನಿಂತಿದ್ದಳು, ಮೂಗು ಕೆಂಪಗೆ, ಕಣ್ಣಲ್ಲಿ ನೀರು. ಆ ನೀರು ತಂಬಾಕಿನ ಘಾಟಿನದೋ ಬೇರೆಯದೋ ಅವನಿಗೆ ತಿಳಿಯಲಿಲ್ಲ. ಆತ ಕಟ್ಟೆ ಹತ್ತಿ, ಕಣ್ಣು ಮುಚ್ಚಿ, ಹೆದ್ದನಿಯಲ್ಲಿ ಶುರುಮಾಡಿದ.

"ಎಲ್ಲಾರೂ ಕೇಳ್ರಿ! ಇದಕ್ಕ ನೀರ ಸೇರೂದಿಲ್ಲ. ಇದು ಗಾಳಿ ದೇವರು. ನೀರ ಹಾಕೂ ಅಧಿಕಾರ ಈ ಮನಿ ಹೆಣಮಗಳಿಗೆ ಅಷ್ಟ, ಅದೂ ಬೇರ ಪೂರಾ ಒಣಗಿ ಬೆಳ್ಳಗ ಆದ ಮ್ಯಾಲ. ಬ್ಯಾರೇದವರು ಹಾಕಿದ್ರ ಕೇಳಿಕೊಂಡದ್ದು ಉಲ್ಟಾ ಆಕೈತಿ!"

"ಉಲ್ಟಾ ಅಂದ್ರ?" ಎಂದಳು ಒಬ್ಬಳು.

"ಗಂಡ ಕುಡಿಯೂದ ಬಿಡ್ಲಿ ಅಂತ ಕೇಳಿದ್ರ ನೀವೂ ಕುಡಿಯಾಕ ಕಲೀತೀರಿ!"

ಚರಿಗೆಗಳು ಗಡಬಡಿಸಿ ಹಿಂದೆ ಸರಿದವು. "ಹಂಗಾದ್ರ ನಾವೇನ ಮಾಡಬೇಕೋ ತಮ್ಮಾ?" ಎಂದು ಮಲಕವ್ವ ದೈನ್ಯದಿಂದ ಕೇಳಿದಳು.

"ಬೀಸ್ರಿ" ಎಂದ ಅಣ್ಣಾಸಾಬ.

ಅಂದಿನಿಂದ ಓಣಿ ಬೀಸಿತು. ಕೆಲವರು ಬೀಸಣಿಗೆ ತಂದರು, ಕೆಲವರು ಮೊರ, ಕೆಲವರು ಹಳೇ ಕ್ಯಾಲೆಂಡರಿನ ರಟ್ಟು. ಬೀಡಿ ಕಟ್ಟುವ ಹೆಂಗಸರು ಮೊರದಲ್ಲಿದ್ದ ಎಲೆ ಸುರುವಿ ಬಂದು ಅದರಿಂದಲೇ ಬೀಸಿ ಹೋದರು. ರವಿವಾರ ಮುಂಜಾನೆ ಊರೆಲ್ಲ ಟಿ.ವಿ. ಮುಂದೆ ಕೂತಾಗಲೂ ಇಲ್ಲಿ ಸರದಿ ತಪ್ಪುತ್ತಿರಲಿಲ್ಲ. ಬೇರು ತೋಯುತ್ತಿತ್ತು, ಆರುತ್ತಿತ್ತು. ಅಷ್ಟೇ ಅಲ್ಲ, ಬಾಗಿಲಲ್ಲಿ ಎದ್ದ ಆ ಗಾಳಿಯಿಂದ ಮನೆಯೊಳಗಿನ ಧೂಳಿಗೆ ನಿಲ್ಲಲು ಆಸ್ಪದವಿಲ್ಲದಂತಾಯಿತು. ಒಂದು ದಿನ ಶೇವಂತಾ ಒಂದೂ ಸೀನಿಲ್ಲದೆ ಇಡೀ ಮನೆಯ ಭಕ್ರಿ ತಟ್ಟಿ ಮುಗಿಸಿ, ತನಗೇ ನಂಬಿಕೆಯಾಗದೆ ಮೂಗು ಮುಟ್ಟಿ ನೋಡಿಕೊಂಡಳು. ದೇವರ ಮಹಿಮೆಗೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಸುದ್ದಿ ಹಬ್ಬಿ ಆರೋಗ್ಯ ಇನ್‌ಸ್ಪೆಕ್ಟರೊಬ್ಬರು ಸೈಕಲ್ಲಿನ ಮೇಲೆ ಬಂದಿಳಿದರು. "ಯಾರ ಪರವಾನಗಿ ತಗೊಂಡ ಇಲ್ಲಿ ಗುಡಿ ಕಟ್ಟೀರಿ?"

"ಗುಡಿ ಎಲ್ಲೈತ್ರಿ ಸಾಹೇಬ್ರ?" ಎಂದ ಅಣ್ಣಾಸಾಬ ನಮ್ರತೆಯಿಂದ.

ಇನ್‌ಸ್ಪೆಕ್ಟರು ಹುಡುಕಿದರು. ಗೋಡೆ ಇಲ್ಲ, ಪಾಯ ಇಲ್ಲ, ಕಲ್ಲಿಲ್ಲ. ನೆಲಕ್ಕೇ ತಾಗದ ಅತಿಕ್ರಮಣದ ಬಗ್ಗೆ ಕಾಯಿದೆಯಲ್ಲಿ ಒಂದು ಕಲಮೂ ಅವರಿಗೆ ನೆನಪಾಗಲಿಲ್ಲ. ಸ್ವಲ್ಪ ಹೊತ್ತು ಕೆಮ್ಮಿ, ದನಿ ತಗ್ಗಿಸಿ, "ಇದು ಏನೇನ ನಡಸಿಕೊಡತೈತಿ?" ಎಂದು ಕೇಳಿದರು.

"ನಿಮ್ಮದೇನ ಐತ್ರಿ?"

"ನಮ್ಮ ಅತ್ತಿ ಅಥಣಿಯಿಂದ ಬಂದಾರ. ಹೋಗೂ ಮಾತ ತಗಿಯವಲ್ರು."

ಮಲಕವ್ವ ಅವರ ಕೈಗೆ ಮೊರ ಕೊಟ್ಟಳು. ಅವರು ಟೊಪ್ಪಿಗೆ ತೆಗೆದು ಬೆವರು ಸುರಿಯುವಂತೆ ಬೀಸಿದರು. ಎರಡು ದಿನಕ್ಕೆ ಅತ್ತೆ ಅಥಣಿ ಬಸ್ಸು ಹತ್ತಿದರಂತೆ. ಅಳಿಯ ಮಡಕೆಗೆ ಮೊರ ಹಿಡಿದು ಬೀಸಿದ್ದನ್ನು ಯಾರೋ ಅವರಿಗೆ ಹೇಳಿ, ಇಂಥ ಹುಚ್ಚನ ಮನೆಯಲ್ಲಿ ಇರಬಾರದೆಂದು ಅವರು ಹೊರಟರೆಂಬುದು ನನಗೆ ತಿಳಿದ ಸಂಗತಿ. ಓಣಿಗೆ ಅದು ಬೇಕಾಗಿರಲಿಲ್ಲ.

ಇಷ್ಟೆಲ್ಲ ಸೇವೆಯಾದ ಮೇಲೆ ಯಾವ ಗಿಡ ತಾನೇ ಸುಮ್ಮನಿದ್ದೀತು? ಎಲೆಯ ಬುಡದಿಂದ ಒಂದು ದಂಟು ಬಾಗಿ ಬಂದು ಮೊಗ್ಗಾಯಿತು, ಮೊಗ್ಗು ಬಿರಿದು ನೇರಳೆ ಹೂವಿನ ಸರವೇ ಇಳಿಯಿತು. ಅಣ್ಣಾಸಾಬ ಎದೆಯುಬ್ಬಿಸಿ, "ಇದ್ದಲಿ, ಸಿಪ್ಪಿ, ಹಂಚಿನ ಚೂರು. ಬೇರಿಗೆ ಗಾಳಿ ಆಡಬೇಕು. ಎಲ್ಲಾ ನಾ ಮಾಡಿದ್ದು" ಎಂದು ಸಿಕ್ಕಸಿಕ್ಕವರಿಗೆ ಹೇಳಿದ. ತಂಬಾಕಿನ ಮಾತು ಬಿಟ್ಟರೆ ಜೀವನದಲ್ಲಿ ಮೊದಲ ಬಾರಿ ಆತ ಹೇಳಿದ್ದು ಸರಿಯಾಗಿತ್ತು, ಮೊದಲ ಬಾರಿ ಅವನ ಮಾತನ್ನು ಯಾರೂ ನಂಬಲಿಲ್ಲ.

ಹೂ ಅರಳಿದ ವಾರವೇ ವೈನಿಸಾಹೇಬರ ಕಾರು ಓಣಿಗೆ ಬಂತು. ಅವರು ಇಳಿದು ನೋಡಿದರೆ ತಮ್ಮ ಅಳಿಯ ಕೊಟ್ಟ ಆರ್ಕಿಡ್ಡಿಗೆ ಕುಂಕುಮ, ಮಡಕೆಗೆ ವಿಭೂತಿ, ಕೆಳಗೆ ಮೊರ ಹಿಡಿದ ಹೆಂಗಸರ ಪಾಳಿ.

"ದಿವಾಣಜಿ! ಏನಿದು ತಮಾಷಾ?"

"ವೈನಿಸಾಬ, ಅದು... ತೋಯಬೇಕು, ಆರಬೇಕು..."

"ನನ್ನ ಗಿಡಾ ನೋಡ್ಕೋರಿ ಅಂದ್ರ ಜಾತ್ರಿ ಮಾಡೀರಿ? ನಾಚಿಕಿ ಬರೂದಿಲ್ಲೇನು? ಖೋಲಿ ಮಾತ ಮರತಬಿಡ್ರಿ!"

ಡ್ರೈವರ್ ನೆಲವು ಬಿಚ್ಚಿದ. ಮಲಕವ್ವ ಅಡ್ಡಬರಲಿಲ್ಲ. ಕಾರಿನ ಕಿಟಕಿಗೆ ಬಾಗಿ, "ನಿಮ್ಮ ದೇವರು, ಒಯ್ಯಿರಿ ಅವ್ವಾರ. ಗಾಳಿ ತಪ್ಪಿಸಬ್ಯಾಡ್ರಿ. ಮುನಿಸಿಕೋತೈತಿ" ಎಂದಷ್ಟೇ ಹೇಳಿದಳು. ಕಾರು ಹೋಯಿತು. ಹೆಂಗಸರು ಮೊರ ಎತ್ತಿಕೊಂಡು ಮನೆಗೆ ಹೋದರು. ಬಾಗಿಲ ಗಾಳಿ ನಿಂತಿತು, ಸಂಜೆಗೆ ಶೇವಂತಾಳ ಸೀನು ಮತ್ತೆ ಶುರುವಾಯಿತು. ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅಣ್ಣಾಸಾಬನಿಗೆ ಅಷ್ಟು ದುಃಖವಾಗುತ್ತಿರಲಿಲ್ಲ.

ವೈನಿಸಾಹೇಬರು ಗಿಡವನ್ನು ಚಿನ್ನದ ಗೆರೆಯಿದ್ದ ಚೀನೀ ಕುಂಡದಲ್ಲಿಟ್ಟು, ಪಡಸಾಲೆಯ ಗಾಜಿನ ಕಪಾಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಬಂದವರಿಗೆಲ್ಲ ತೋರಿಸಿದರು. ಕೆಲವೇ ದಿನಕ್ಕೆ ಗಾಜಿಗೆ ಬೆವರು ಹತ್ತಿತು. ಎಲೆ ಹಳದಿಯಾಯಿತು. ಹೂವು ಒಂದೊಂದೇ ಉದುರಿತು. ಹೂವು ಉದುರಿದ್ದು ಸಾಲದೆಂಬಂತೆ ಅಡುಗೆಯವಳು ಕಾಲುಜಾರಿ ಬಿದ್ದಳು, ಫೋನು ಕೆಟ್ಟಿತು, ಪುಣೆಯಲ್ಲಿ ಮೊಮ್ಮಗನಿಗೆ ನೆಗಡಿಯಾಯಿತು. ಕೊಲ್ಲಾಪುರದ ಕಾಲೇಜಿನಲ್ಲಿ ಓದಿದ ವೈನಿಸಾಹೇಬರು ಇಂಥದ್ದನ್ನೆಲ್ಲ ನಂಬುವವರಲ್ಲ. ನಂಬದೆಯೇ ಅವರು ದಿವಾಣಜಿಗೂ ಅವನ ಹೆಂಡತಿಗೂ ಹೇಳಿ ಕಳಿಸಿದರು.

"ಇದಕ್ಕ ಏನಾಗೇತಿ?"

"ಇದಕ್ಕ ಗಾಳಿ ಇಲ್ರಿ" ಎಂದ ಅಣ್ಣಾಸಾಬ. "ತೋಯ್ದದ್ದು ಆರವಲ್ದು. ಎರಡೂ ಕಡೆ ಗಾಳಿ ಆಡೂ ಜಾಗಾ ಬೇಕ್ರಿ."

"ಅಂಥಾ ಜಾಗಾ ನನ್ನ ಕಡೆ ಒಂದ ಐತಿ. ಮಾಡಿ ಮ್ಯಾಗಿನ ಖೋಲಿ" ಎಂದು ವೈನಿಸಾಹೇಬರು ವಿಚಾರಮಾಡಿ ಹೇಳಿದರು. "ಇವತ್ತಿಂದ ಆ ಖೋಲಿ ಗಿಡಕ್ಕ."

ಅಣ್ಣಾಸಾಬ ತಾನು ಗಳಿಸಬೇಕೆಂದಿದ್ದ ಖೋಲಿಯನ್ನು ತನ್ನ ಬಾಯಿಂದಲೇ ಗಿಡಕ್ಕೆ ಕೊಡಿಸಿದ್ದ! ಅಷ್ಟರಲ್ಲಿ, ದೊಡ್ಡವರ ಮುಂದೆ ಎಂದೂ ತುಟಿ ಬಿಚ್ಚದ ಶೇವಂತಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ವೈನಿಸಾಬ, ಗಿಡಾ ಒಂದ ಇದ್ರ ಕಿಟಕಿ ಯಾರ ತಗೀತಾರ್ರಿ?"

"ಅಂದ್ರ?"

"ಮುಂಜಾನಿ ತಗೀಬೇಕು, ಮಳಿ ಹೊಡತಾ ಬಂದ್ರ ಹಾಕಬೇಕು. ಬೇರ ಹಸರ ಐತೋ ಬೆಳ್ಳಗ ಆಗೇತೋ ದಿನಾ ನೋಡಬೇಕು. ಬೆಳ್ಳಗ ಆದ್ರ ನೀರು, ಇಲ್ಲಂದ್ರ ಇಲ್ಲ. ಅಲ್ಲೇ ಇರಾವರ ಮಾಡೂ ಕೆಲಸ್ರಿ ಇದು. ನೀರ ಹಾಕೂ ಅಧಿಕಾರ ಹೆಂಗೂ ನನಗ ಐತಿ. ನಾ ಇರ್ತೀನ್ರಿ."

ವೈನಿಸಾಹೇಬರು ಉದುರಿದ ಹೂವುಗಳನ್ನು ನೋಡಿದರು, ಶೇವಂತಾಳ ಮುಖ ನೋಡಿದರು. "ಹೂಂ. ಇರು" ಎಂದರು. ಆಮೇಲೆ ಅಣ್ಣಾಸಾಬನ ಕಡೆ ಕೈ ಮಾಡಿ, "ದಿವಾಣಜಿ?" ಎಂದು ಕೇಳಿದರು.

ಶೇವಂತಾ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಅವರೂ ಬರ್ಲಿ ಬಿಡ್ರಿ. ಮ್ಯಾಲಿನ ಚಿಲಕಾ ನನಗ ನಿಲಕೂದಿಲ್ಲ."

ಹೀಗೆ ಅಣ್ಣಾಸಾಬ ಚಿಲಕದ ನೆಪದಲ್ಲಿ ಮಾಡಿ ಖೋಲಿ ಸೇರಿದ. ತೂತಿನ ಮಡಕೆ, ಇದ್ದಲಿ, ಸಿಪ್ಪೆ ಮರಳಿ ಬಂದವು. ಗಾಳಿ ಹೆಚ್ಚು ಬರುವ ಕಿಟಕಿ ಗಿಡಕ್ಕೆ, ಅದರ ಪಕ್ಕದ ಜಾಗ ಶೇವಂತಾಳಿಗೆ, ಗೋಡೆಯ ಮೂಲೆ ಅಣ್ಣಾಸಾಬನಿಗೆ. ಅವನಿಗೆ ಅದರಲ್ಲಿ ಏನೂ ಕಡಿಮೆ ಎನಿಸಲಿಲ್ಲ.

ಮೊದಲ ರವಿವಾರ ಮಧ್ಯಾಹ್ನ ಊಟವಾಯಿತು. ಎರಡೂ ಕಿಟಕಿಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಶೇವಂತಾ ಚಾಪೆಯ ಮೇಲೆ ಅಡ್ಡಾದಳು. ಸ್ವಲ್ಪ ಹೊತ್ತಿಗೆ ಖೋಲಿಯಲ್ಲಿ ಗಿರಣಿ ನಡೆದಂತೆ ಸದ್ದು ಕೇಳಿ ಅಣ್ಣಾಸಾಬ ಬೆಚ್ಚಿ ಎದ್ದು ಕೂತ. ಹೆಂಡತಿ ಗೊರಕೆ ಹೊಡೆಯುತ್ತಿದ್ದಳು. ಮದುವೆಯಾದಾಗಿನಿಂದ ಅವಳ ಸೀನನ್ನಷ್ಟೇ ಕೇಳಿದ್ದ ಅವನಿಗೆ ಅವಳು ಗೊರಕೆ ಹೊಡೆಯಬಲ್ಲಳೆಂದು ಇಂದೇ ತಿಳಿದದ್ದು. ಬಾಯಿ ತೆರೆದು, ಕೈಕಾಲು ಚಾಚಿ, ತುಂಬಿದ ಉಸಿರೆಳೆದು ಮಲಗಿದ ಅವಳನ್ನು ಆತ ಬಹಳ ಹೊತ್ತು ನೋಡಿದ. ಅಷ್ಟು ಸಂತೋಷ ಅವನಿಗೆ ಯಾವ ಎಲೆಯ ಹದ ಬಂದಾಗಲೂ ಆಗಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಮಲಕವ್ವ ಬೀಸಣಿಗೆ ಹಿಡಿದು, ಹಿಂದೆ ಓಣಿಯ ಹೆಂಗಸರನ್ನು ಕಟ್ಟಿಕೊಂಡು ದರ್ಶನಕ್ಕೆ ಬರುತ್ತಿದ್ದಳು. ಅಣ್ಣಾಸಾಬ ಬರಿಗಾಲಲ್ಲಿ ಓಡಿ ಹೋಗಿ ಬಾಗಿಲಲ್ಲಿ ತುಟಿಗೆ ಬೆರಳಿಟ್ಟು ನಿಂತ.

"ಶ್! ದೇವರ ಮಕ್ಕೊಂಡೈತಿ ಆಯಿ. ಸಂಜೀಕ ಬರ್ರಿ."

ಒಳಗಿನಿಂದ ಗೊರಕೆ ಜೋರಾಗಿ ಕೇಳಿತು. ಮಲಕವ್ವನ ಕಣ್ಣು ಅರಳಿತು. ಬೀಸಣಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಎರಡೂ ಕೈ ಮುಗಿದು, ಸಪ್ಪಳವಾಗದಂತೆ ಎಲ್ಲರನ್ನೂ ಹಿಂದಕ್ಕೆ ಕರೆದುಕೊಂಡು ಮೆಟ್ಟಿಲಿಳಿದು ಹೋದಳು.